ಪಿಯುಸಿ ಅಂಕ ಕಡಿಮೆ, ಜಾತಿ ಪ್ರಮಾಣಪತ್ರ ಕೈಯಲ್ಲಿ: ನ್ಯಾಷನಲ್ ಲಾ ಸ್ಕೂಲ್ ಸೀಟಿನ ಲೆಕ್ಕ ನಿಜಕ್ಕೂ ಹೇಗೆ ನಡೆಯುತ್ತದೆ

ದ್ವಿತೀಯ ಪಿಯುಸಿಯಲ್ಲಿ 600ಕ್ಕೆ 270 ತೆಗೆದವರೂ 590 ತೆಗೆದವರೂ ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿಗೆ ಅರ್ಜಿ ಹಾಕುವಾಗ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಇದನ್ನು ಮೊದಲ ಸಲ ಕೇಳಿದ ಅಪ್ಪ ಅಮ್ಮಂದಿರು ನಂಬುವುದಿಲ್ಲ. ಎಂಜಿನಿಯರಿಂಗ್ ಸಿಇಟಿಯಲ್ಲಿ ಪಿಯುಸಿ ಅಂಕಕ್ಕೆ ಅರ್ಧ ತೂಕ ಇರುವುದನ್ನು ನೋಡಿ ಅಭ್ಯಾಸವಾದ ಮನೆಗಳಲ್ಲಿ, ‘ನಮ್ಮ ಹುಡುಗಿಗೆ ಬಂದಿದ್ದೇ 58 ಪರ್ಸೆಂಟು, ಅಲ್ಲಿ ಯಾರು ಸೇರಿಸಿಕೊಳ್ತಾರೆ’ ಎಂದು ಅರ್ಜಿಯನ್ನೇ ಹಾಕಿಸುವುದಿಲ್ಲ. ಅಂಕದ ಭಯಕ್ಕೆ ಹಿಂದೆ ಸರಿದವರು ಹೀಗೆ ಕಳೆದುಕೊಂಡರೆ, ಅರ್ಜಿ ಹಾಕಿದವರಲ್ಲಿ ಹಲವರು ಕಳೆದುಕೊಳ್ಳುವುದು ತಪ್ಪು ಪಟ್ಟಿಯ ಪ್ರಮಾಣಪತ್ರದಿಂದ, ಗುರುತು ಹಾಕದ ಒಂದು ಚೌಕದಿಂದ, ಕಟ್ಟದೇ ಬಿಟ್ಟ ಒಂದು ಶುಲ್ಕದಿಂದ.

ಮೊದಲು ಅಂಕದ ವಿಷಯ ಮುಗಿಸೋಣ. ದೇಶದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು, ಅಂದರೆ ಎನ್‌ಎಲ್‌ಯುಗಳು, ಐದು ವರ್ಷದ ಕೋರ್ಸಿಗೆ ಕ್ಲ್ಯಾಟ್ ಎಂಬ ಒಂದೇ ಪ್ರವೇಶ ಪರೀಕ್ಷೆಯ ಮೇಲೆ ಸೀಟು ಕೊಡುತ್ತವೆ. ದೆಹಲಿಯದು ಮಾತ್ರ ಬೇರೆ, ಅದಕ್ಕೆ ಐಲೆಟ್ ಎಂಬ ತನ್ನದೇ ಪರೀಕ್ಷೆ ಇದೆ. ಕ್ಲ್ಯಾಟ್‌ಗೆ ಪಿಯುಸಿ ಅಥವಾ ಸಮಾನ ಪರೀಕ್ಷೆಯಲ್ಲಿ ಸಾಮಾನ್ಯ, ಒಬಿಸಿ, ಅಂಗವಿಕಲ ಅಭ್ಯರ್ಥಿಗಳಿಗೆ ಶೇ 45, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 40 ಇದ್ದರೆ ಸಾಕು. ನಮ್ಮ ಪಿಯುಸಿ ಲೆಕ್ಕದಲ್ಲಿ 270 ಮತ್ತು 240. ಈ ಗೆರೆ ದಾಟಿದ ಮೇಲೆ ಪಿಯುಸಿ ಅಂಕಕ್ಕೆ ಇಲ್ಲಿ ಕೆಲಸವೇ ಇಲ್ಲ. ಇಬ್ಬರಿಗೆ ಕ್ಲ್ಯಾಟ್‌ನಲ್ಲಿ ಸಮ ಅಂಕ ಬಂದರೂ ಪಿಯುಸಿ ಅಂಕಪಟ್ಟಿಯನ್ನು ತೆಗೆದು ನೋಡುವುದಿಲ್ಲ: ಲೀಗಲ್ ರೀಸನಿಂಗ್ ಭಾಗದಲ್ಲಿ ಹೆಚ್ಚು ಅಂಕ ಇರುವವರು ಮುಂದೆ, ಅದೂ ಸಮವಾದರೆ ವಯಸ್ಸಿನಲ್ಲಿ ಹಿರಿಯರು ಮುಂದೆ, ಅದೂ ಸಮವಾದರೆ ಕಂಪ್ಯೂಟರ್ ಚೀಟಿ ಎತ್ತುತ್ತದೆ. ವಯೋಮಿತಿ ಇಲ್ಲ. ಸಂದರ್ಶನ ಇಲ್ಲ. ಅಮೆರಿಕದ ಲಾ ಸ್ಕೂಲುಗಳಂತೆ ನಿಮ್ಮ ಬದುಕಿನ ಬಗ್ಗೆ ಪ್ರಬಂಧ ಬರೆಯುವುದು, ಮೇಷ್ಟ್ರ ಶಿಫಾರಸು ಪತ್ರ ತರುವುದು, ಇವು ಯಾವುವೂ ಇಲ್ಲ.

ಎಚ್ಚರ ಬೇಕಿರುವುದು ಒಂದೇ ಕಡೆ. ಪಿಯುಸಿ ಪಾಸಾಗುವ ಗೆರೆ ಇದಕ್ಕಿಂತ ಕೆಳಗಿದೆ. ಪಾಸಾದೆ ಎಂದು ನೆಮ್ಮದಿಯಾಗಿದ್ದ ಒಬಿಸಿ ವಿದ್ಯಾರ್ಥಿಗೆ 255 ಬಂದಿದ್ದರೆ ಕ್ಲ್ಯಾಟ್ ರ‍್ಯಾಂಕ್ ಎಷ್ಟು ಚೆನ್ನಾಗಿದ್ದರೂ ದಾಖಲಾತಿ ದಿನ ಕೌಂಟರಿನಲ್ಲಿ ನಿಲ್ಲಿಸುತ್ತಾರೆ. ದೇಶದ ಕಾನೂನು ಶಿಕ್ಷಣಕ್ಕೆ ನಿಯಮ ಮಾಡುವ ಬಾರ್ ಕೌನ್ಸಿಲ್ ನಿಯಮದಲ್ಲಿ ಒಬಿಸಿಗೆ ಶೇ 42 ಎಂದಿದೆ, ಅದನ್ನು ಓದಿ ಕ್ಲ್ಯಾಟ್‌ಗೂ ಅಷ್ಟೇ ಎಂದುಕೊಳ್ಳಬೇಡಿ. ಪಿಯುಸಿ ಪರೀಕ್ಷೆ-1ರಲ್ಲಿ ಗೆರೆಯ ಆಸುಪಾಸಿನಲ್ಲಿ ಇದ್ದರೆ ಪರೀಕ್ಷೆ-2 ಬರೆದು ಅಂಕ ಏರಿಸಿಕೊಳ್ಳುವ ದಾರಿ ಇದೆ. ಹತ್ತು ಹದಿನೈದು ಅಂಕ ಏರಿಸುವುದು ದೊಡ್ಡ ಕೆಲಸವಲ್ಲ, ಮರೆತು ಕೂರುವುದೇ ತೊಂದರೆ.

‘ಅಲ್ಪಸಂಖ್ಯಾತ’ ಎಂದರೆ ಇಲ್ಲಿ ಏನು

ಧಾರ್ಮಿಕ ಅಲ್ಪಸಂಖ್ಯಾತರು ಎಂಬ ಒಂದೇ ಕಾರಣಕ್ಕೆ ನ್ಯಾಷನಲ್ ಲಾ ಸ್ಕೂಲಿನಲ್ಲಿ ಪ್ರತ್ಯೇಕ ಸೀಟು ಇಲ್ಲ. ಮುಸ್ಲಿಂ, ಕ್ರೈಸ್ತ, ಜೈನ ವಿದ್ಯಾರ್ಥಿಗಳು ಮೀಸಲಾತಿ ಪಡೆಯುವುದಾದರೆ ತಮ್ಮ ಸಮುದಾಯ ಒಬಿಸಿ ಅಥವಾ ಎಸ್‌ಟಿ ಪಟ್ಟಿಯಲ್ಲಿದೆ ಎಂಬ ಆಧಾರದ ಮೇಲೆ, ಇಲ್ಲವೇ ಆರ್ಥಿಕವಾಗಿ ಹಿಂದುಳಿದವರ ಕೋಟಾದಲ್ಲಿ, ಇಲ್ಲವೇ ಅಂಗವೈಕಲ್ಯದ ಆಧಾರದ ಮೇಲೆ. ಪರಿಶಿಷ್ಟ ಜಾತಿಯ ಸ್ಥಾನಮಾನ 1950ರ ರಾಷ್ಟ್ರಪತಿ ಆದೇಶದಂತೆ ಹಿಂದೂ, ಸಿಖ್, ಬೌದ್ಧರಿಗೆ ಸೀಮಿತ. ಪರಿಶಿಷ್ಟ ಪಂಗಡಕ್ಕೆ ಆ ಮಿತಿ ಇಲ್ಲ.

ಬೆಂಗಳೂರಿನ ಲಾ ಸ್ಕೂಲಿನ ಹಂಚಿಕೆ ಹೀಗಿದೆ. ಎಸ್‌ಸಿ ಶೇ 15, ಎಸ್‌ಟಿ ಶೇ 7.5, ಕೆನೆಪದರಕ್ಕೆ (ಒಬಿಸಿಯೊಳಗಿನ ಉಳ್ಳವರ ಗುಂಪಿಗೆ) ಸೇರದ ಒಬಿಸಿ ಶೇ 27, ಇಡಬ್ಲ್ಯುಎಸ್ ಅಂದರೆ ಆರ್ಥಿಕವಾಗಿ ಹಿಂದುಳಿದವರು ಶೇ 10. ಇವು ಲಂಬ ಮೀಸಲಾತಿ. ಇವುಗಳ ಒಳಗೆ ಅಡ್ಡ ಹಾಯುವ ಸಮತಲ ಮೀಸಲಾತಿ ಬೇರೆ: ಮಹಿಳೆಯರಿಗೆ ಶೇ 30, ಅಂಗವಿಕಲರಿಗೆ ಶೇ 5, ‘ಕರ್ನಾಟಕದ ವಿದ್ಯಾರ್ಥಿ’ಗಳಿಗೆ ಶೇ 25.

ಈ ಶೇ 25ಕ್ಕೆ ಒಂದು ಹಿನ್ನೆಲೆ ಇದೆ. 2020ರಲ್ಲಿ ರಾಜ್ಯ ಸರ್ಕಾರ ಲಾ ಸ್ಕೂಲಿನ ಕಾಯ್ದೆಗೆ ತಿದ್ದುಪಡಿ ತಂದು ಕನ್ನಡ ನಾಡಿನ ವಿದ್ಯಾರ್ಥಿಗಳಿಗೆ ಕಾಲು ಭಾಗ ಕೊಡಬೇಕೆಂದಿತು. ಹೈಕೋರ್ಟ್ ಅದೇ ವರ್ಷ ಸೆಪ್ಟೆಂಬರ್ 29ರಂದು ಆ ತಿದ್ದುಪಡಿಯನ್ನು ರದ್ದು ಮಾಡಿತು. ಮರುವರ್ಷ ವಿಶ್ವವಿದ್ಯಾಲಯ ತಾನಾಗಿಯೇ ಅದೇ ಪ್ರಮಾಣವನ್ನು ಅಳವಡಿಸಿಕೊಂಡಿತು. ಇದನ್ನು ಇಲ್ಲಿ ಹೇಳುವ ಕಾರಣ ಇಷ್ಟೇ: ‘ಆ ಕೋಟಾ ಕೋರ್ಟಲ್ಲಿ ಬಿದ್ದುಹೋಯ್ತಲ್ಲ’ ಎಂದು ಹಳೆಯ ಸುದ್ದಿ ನೆನಪಿಟ್ಟುಕೊಂಡವರು ಇಂದಿಗೂ ಮಕ್ಕಳಿಗೆ ಆ ಚೌಕದಲ್ಲಿ ಗುರುತು ಹಾಕಲು ಹೇಳುವುದಿಲ್ಲ.

ಲಂಬ, ಸಮತಲ ಎಂಬ ಮಾತುಗಳು ಕೋರ್ಟಿನ ಭಾಷೆಯಂತೆ ಕೇಳಿಸುತ್ತವೆ. ಆದರೆ ನಿಮ್ಮ ಸೀಟು ನಿಂತಿರುವುದು ಇದರ ಮೇಲೆಯೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಲೆಕ್ಕಕ್ಕೆ ಒಟ್ಟು 200 ಸೀಟು ಎಂದಿಟ್ಟುಕೊಳ್ಳಿ. ಎಸ್‌ಸಿಗೆ 30, ಎಸ್‌ಟಿಗೆ 15, ಒಬಿಸಿಗೆ 54, ಇಡಬ್ಲ್ಯುಎಸ್‌ಗೆ 20, ಉಳಿದ 81 ಎಲ್ಲರಿಗೂ ತೆರೆದದ್ದು. ಮೊದಲು ತುಂಬುವುದು ಆ 81ನ್ನು, ಶುದ್ಧ ರ‍್ಯಾಂಕಿನ ಮೇಲೆ. ಎಸ್‌ಸಿ ವಿದ್ಯಾರ್ಥಿನಿಯ ರ‍್ಯಾಂಕ್ ಆ 81ರೊಳಗೆ ಬಂದರೆ ಆಕೆ ಅಲ್ಲಿಯೇ ಕೂರುತ್ತಾಳೆ, ಎಸ್‌ಸಿಯ 30ರಲ್ಲಿ ಆಕೆಯ ಲೆಕ್ಕ ಇಲ್ಲ. ಆ 30 ಹಾಗೆಯೇ ಉಳಿಯುತ್ತದೆ. ‘ಕೆಟಗರಿ ಹಾಕಿದರೆ ಜನರಲ್ ಸೀಟು ಸಿಗಲ್ಲ’ ಎಂಬ ಮಾತು ಕೋಚಿಂಗ್ ಕೇಂದ್ರಗಳ ಮೆಟ್ಟಿಲ ಮೇಲೆ ಹುಟ್ಟಿದ್ದು, ನಿಯಮದಲ್ಲಿ ಇಲ್ಲ.

ಈಗ ಸಮತಲ. ಎಸ್‌ಸಿಯ 30ರಲ್ಲಿ ಕರ್ನಾಟಕದ ವಿದ್ಯಾರ್ಥಿಗಳು ಕಾಲು ಭಾಗ ಇರಬೇಕು, 8 ಎನ್ನೋಣ. ರ‍್ಯಾಂಕ್ ಪ್ರಕಾರ ಮೊದಲ 30 ಎಸ್‌ಸಿ ಹೆಸರುಗಳನ್ನು ಬರೆದಾಗ ಅದರಲ್ಲಿ ಕರ್ನಾಟಕದವರು ಆಗಲೇ 9 ಮಂದಿ ಇದ್ದರೆ ಕೋಟಾ ತುಂಬಿತು, ಯಾರೂ ಅಲುಗಾಡುವುದಿಲ್ಲ. 5 ಮಂದಿ ಮಾತ್ರ ಇದ್ದರೆ ಪಟ್ಟಿಯ ತಳದಿಂದ ಹೊರರಾಜ್ಯದ 3 ಹೆಸರು ಕೆಳಗಿಳಿದು, 31ನೆಯವರಿಂದ ಮುಂದೆ ಹುಡುಕಿ ಮೊದಲು ಸಿಗುವ ಕರ್ನಾಟಕದ 3 ಎಸ್‌ಸಿ ವಿದ್ಯಾರ್ಥಿಗಳು ಮೇಲೇರುತ್ತಾರೆ. ಮಹಿಳಾ ಮೀಸಲಾತಿಯೂ ಹೀಗೆಯೇ. ಲಂಬ ಮೀಸಲಾತಿಯಲ್ಲಿ ಮೆರಿಟ್‌ನಲ್ಲಿ ಗೆದ್ದವರನ್ನು ಕೋಟಾದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಸಮತಲದಲ್ಲಿ ಹಿಡಿಯುತ್ತಾರೆ. ಸುಪ್ರೀಂ ಕೋರ್ಟ್ 2007ರಲ್ಲಿ ರಾಜೇಶ್ ಕುಮಾರ್ ದಾರಿಯಾ ಪ್ರಕರಣದಲ್ಲಿ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿತು. ಹಾಗಾಗಿ ಕರ್ನಾಟಕದ ಎಸ್‌ಸಿ ಕೋಟಾದ ಕೊನೆಯ ರ‍್ಯಾಂಕ್ ಒಂದು ವರ್ಷ ಅಖಿಲ ಭಾರತ ಎಸ್‌ಸಿಯ ಕೊನೆಯ ರ‍್ಯಾಂಕಿಗಿಂತ ಬಹಳ ಕೆಳಗೆ ಹೋಗಬಹುದು, ಇನ್ನೊಂದು ವರ್ಷ ಎರಡಕ್ಕೂ ವ್ಯತ್ಯಾಸವೇ ಇಲ್ಲದಿರಬಹುದು. ಹಿಂದಿನ ಒಂದೇ ವರ್ಷದ ಕಟಾಫ್ ನೋಡಿ ‘ನನಗೆ ಬರಲ್ಲ’ ಎಂದು ಕೈ ಚೆಲ್ಲುವುದು ಅದಕ್ಕೇ ತಪ್ಪು. ಕನಿಷ್ಠ ಮೂರು ವರ್ಷದ್ದು, ಅದೂ ಕೊನೆಯ ಸುತ್ತಿನದು ನೋಡಿ.

ಕಾಗದಪತ್ರ: ಸೀಟು ಜಾರುವ ಜಾಗ

‘ಕರ್ನಾಟಕದ ವಿದ್ಯಾರ್ಥಿ’ ಎಂದರೆ ಇಲ್ಲಿ ಹುಟ್ಟಿದವರೂ ಅಲ್ಲ, ಕನ್ನಡ ಮಾತಾಡುವವರೂ ಅಲ್ಲ. ಅರ್ಹತಾ ಪರೀಕ್ಷೆಯವರೆಗೆ ರಾಜ್ಯದ ಮಾನ್ಯತೆ ಪಡೆದ ಶಾಲಾ ಕಾಲೇಜುಗಳಲ್ಲಿ ಕನಿಷ್ಠ 10 ವರ್ಷ ಓದಿದವರು. ಸಿಇಟಿಗೆ ಬೇಕಾದದ್ದು 7 ವರ್ಷದ ವ್ಯಾಸಂಗ ಪ್ರಮಾಣಪತ್ರ. ಅಣ್ಣನಿಗೆ ಸಿಇಟಿಗೆ ಮಾಡಿಸಿದ ನಮೂನೆಯಂತೆಯೇ ತಂಗಿಗೂ ಮಾಡಿಸಿಟ್ಟು, 7 ವರ್ಷಕ್ಕೆ ನಿಲ್ಲಿಸಿಬಿಡುವುದು ಸಾಮಾನ್ಯ ಎಡವಟ್ಟು. ಪ್ರಾಥಮಿಕ ಶಾಲೆ ಒಂದು ಕಡೆ, ಹೈಸ್ಕೂಲು ಇನ್ನೊಂದು ಕಡೆ, ಪಿಯುಸಿ ಮತ್ತೊಂದು ಕಡೆ ಆಗಿದ್ದರೆ ಮೂರೂ ಕಡೆಯ ಮುಖ್ಯಸ್ಥರ ಸಹಿ ಬೇಕಾಗುತ್ತದೆ. ಬೇಸಿಗೆ ರಜೆಯಲ್ಲಿ ಹಳ್ಳಿ ಶಾಲೆಯ ಹೆಡ್‌ಮಾಸ್ತರನ್ನು ಹುಡುಕುವುದು ಕಷ್ಟ, ಫೆಬ್ರುವರಿಯೊಳಗೆ ಮುಗಿಸಿ. ಇನ್ನೊಂದು ಮಾತು: ಸಿಇಟಿಯಲ್ಲಿರುವ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾ ಇಲ್ಲಿ ಇಲ್ಲ.

ಅದಕ್ಕಿಂತ ಹೆಚ್ಚು ಜನ ಮುಗ್ಗರಿಸುವುದು ಒಬಿಸಿ ಪ್ರಮಾಣಪತ್ರದಲ್ಲಿ. ನಮ್ಮಲ್ಲಿ ನಾಡಕಚೇರಿ ಕೊಡುವ ಜಾತಿ ಪ್ರಮಾಣಪತ್ರಗಳಲ್ಲಿ ಎಸ್‌ಸಿ, ಎಸ್‌ಟಿಗೆ ನಮೂನೆ ‘ಡಿ’, ಪ್ರವರ್ಗ 1ಕ್ಕೆ ‘ಇ’, 2ಎ, 2ಬಿ, 3ಎ, 3ಬಿಗೆ ‘ಎಫ್’. ಈ 2ಎ, 3ಬಿ ಎಂಬ ವಿಂಗಡಣೆ ರಾಜ್ಯದ ಪಟ್ಟಿಯದು. ಲಾ ಸ್ಕೂಲು ನೋಡುವುದು ಕೇಂದ್ರದ ಒಬಿಸಿ ಪಟ್ಟಿಯನ್ನು. ರಾಜ್ಯದ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲಿ ಇರಲೇಬೇಕೆಂದಿಲ್ಲ, ಇದ್ದರೂ ಉಪಜಾತಿಯ ಹೆಸರು ಬೇರೆ ರೀತಿ ಬರೆದಿರಬಹುದು. ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಜಾಲತಾಣದಲ್ಲಿ ಕರ್ನಾಟಕದ ಪಟ್ಟಿ ತೆರೆದು ನಿಮ್ಮ ಜಾತಿ ಯಾವ ಕ್ರಮಸಂಖ್ಯೆಯಲ್ಲಿದೆ, ಅಲ್ಲಿ ಕಾಗುಣಿತ ಹೇಗಿದೆ ಎಂದು ಗುರುತು ಮಾಡಿಕೊಂಡು, ಆಮೇಲೆ ನಾಡಕಚೇರಿಗೆ ಹೋಗಿ. ಅಲ್ಲಿ ಬರೀ ‘ಜಾತಿ ಆದಾಯ’ ಎಂದು ಕೇಳಿದರೆ ರಾಜ್ಯದ ನಮೂನೆಯೇ ಕೈಗೆ ಬರುತ್ತದೆ. ‘ಕೇಂದ್ರ ಸರ್ಕಾರದ ಉದ್ದೇಶಕ್ಕೆ ಒಬಿಸಿ ಪ್ರಮಾಣಪತ್ರ’ ಎಂದು ಬಿಡಿಸಿ ಹೇಳಬೇಕು.

ಅವಧಿಯಲ್ಲೂ ಅದೇ ಗೊಂದಲ. ರಾಜ್ಯದ ಜಾತಿ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಬಾಳಿಕೆ. ಹಾಗಾಗಿ ಹೈಸ್ಕೂಲಿನಲ್ಲಿ ಮಾಡಿಸಿದ್ದು ನಡೆಯುತ್ತದೆ ಎಂದುಕೊಳ್ಳುತ್ತಾರೆ. ಕೇಂದ್ರದ ಕೆನೆಪದರ ರಹಿತ ಪ್ರಮಾಣಪತ್ರವನ್ನು ಆರ್ಥಿಕ ವರ್ಷದ ಲೆಕ್ಕದಲ್ಲಿ ನೋಡುತ್ತಾರೆ. ಕ್ಲ್ಯಾಟ್ ನಡೆಯುವುದು ಡಿಸೆಂಬರಿನಲ್ಲಿ, ತರಗತಿ ಶುರುವಾಗುವುದು ಮುಂದಿನ ವರ್ಷದ ಮಧ್ಯದಲ್ಲಿ. ನಡುವೆ ಏಪ್ರಿಲ್ 1 ದಾಟಿರುತ್ತದೆ. ಅರ್ಜಿಗೆ ಹಾಕಿದ ಪ್ರಮಾಣಪತ್ರ ದಾಖಲಾತಿ ಹೊತ್ತಿಗೆ ‘ಹಳೆಯದು’ ಆಗಿಬಿಡಬಹುದು. ಏಪ್ರಿಲ್ ಮೊದಲ ವಾರದಲ್ಲೇ ಹೊಸದಕ್ಕೆ ಅರ್ಜಿ ಹಾಕಿ. ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕ, ತಹಶೀಲ್ದಾರ್ ಹೀಗೆ ಮೂರು ಮೇಜು ದಾಟಬೇಕು, ಜೂನ್ ಬಂದರೆ ಎಲ್ಲ ಕೋರ್ಸಿನ ಮಕ್ಕಳೂ ಅಲ್ಲಿಯೇ ಇರುತ್ತಾರೆ. ಇಡಬ್ಲ್ಯುಎಸ್ ಪ್ರಮಾಣಪತ್ರಕ್ಕೂ ಇದೇ ಮಾತು.

ಕೆನೆಪದರದ ಬಗ್ಗೆಯೂ ಊರ ತುಂಬ ತಪ್ಪು ತಿಳಿವಳಿಕೆ. ಮಿತಿ ವರ್ಷಕ್ಕೆ 8 ಲಕ್ಷ ರೂಪಾಯಿ, ಸರಿ. ಆದರೆ ಕೇಂದ್ರದ 1993ರ ನಿಯಮದ ಪ್ರಕಾರ ಆ ಆದಾಯದ ಲೆಕ್ಕಕ್ಕೆ ಸಂಬಳವನ್ನೂ ಬೇಸಾಯದ ಆದಾಯವನ್ನೂ ಸೇರಿಸುವುದಿಲ್ಲ. ಅಪ್ಪ ಪ್ರೌಢಶಾಲಾ ಮೇಷ್ಟ್ರು, ಸಂಬಳವೇ 9 ಲಕ್ಷ ದಾಟಿತು, ನಾವು ಕೆನೆಪದರ ಎಂದು ಅರ್ಜಿಯಲ್ಲಿ ಸಾಮಾನ್ಯ ವರ್ಗ ತುಂಬಿದವರು ಇದ್ದಾರೆ. ಅದಕ್ಕೆ ಬದಲಾಗಿ ಹುದ್ದೆಯ ದರ್ಜೆ ನೋಡುತ್ತಾರೆ: ತಂದೆ ಅಥವಾ ತಾಯಿ ನೇರ ನೇಮಕಾತಿಯ ‘ಎ’ ದರ್ಜೆ ಅಧಿಕಾರಿಯಾಗಿದ್ದರೆ ಆದಾಯ ಎಷ್ಟೇ ಇರಲಿ ಕೆನೆಪದರ. ಜಮೀನಿಗೂ ಆದಾಯದ ಬದಲು ನೀರಾವರಿ ವಿಸ್ತೀರ್ಣದ ಪರೀಕ್ಷೆ ಇದೆ.

ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುಳಾ ಎಚ್ ಕೆ’, ಆಧಾರ್‌ನಲ್ಲಿ ‘ಮಂಜುಳ’, ಜಾತಿ ಪ್ರಮಾಣಪತ್ರದಲ್ಲಿ ‘ಮಂಜುಳ ಬಿನ್ ಕೆಂಚಪ್ಪ’ ಇದ್ದರೆ ಅರ್ಜಿಯಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿ ಇರುವಂತೆಯೇ ತುಂಬಿ, ಜಾತಿ ಪ್ರಮಾಣಪತ್ರವನ್ನು ಅದಕ್ಕೆ ಹೊಂದುವಂತೆ ಮರಳಿ ತೆಗೆಸಿ. ಹೆಣ್ಣುಮಗಳಿಗೆ ‘ಬಿನ್’ ಎಂದು ಅಚ್ಚಾಗಿದ್ದರೆ ಅದನ್ನೂ ತಿದ್ದಿಸಿಕೊಳ್ಳಿ. ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆ ಆನ್‌ಲೈನಿನಲ್ಲಿ ತೆರೆಯುತ್ತದೆಯೇ ಎಂದು ಒಮ್ಮೆ ನೋಡಿ.

ಅರ್ಜಿ ಸಾಮಾನ್ಯವಾಗಿ ಜುಲೈ ಅಥವಾ ಆಗಸ್ಟಿನಲ್ಲಿ ತೆರೆದು ಅಕ್ಟೋಬರ್ ಹೊತ್ತಿಗೆ ಮುಚ್ಚುತ್ತದೆ. ಇತ್ತೀಚಿನ ವರ್ಷಗಳಲ್ಲಿ ಶುಲ್ಕ 4,000 ರೂಪಾಯಿ, ಎಸ್‌ಸಿ, ಎಸ್‌ಟಿ, ಬಿಪಿಎಲ್‌ನವರಿಗೆ 3,500. ಕೆಟಗರಿ, ಕರ್ನಾಟಕದ ವಿದ್ಯಾರ್ಥಿ ಎಂಬ ಗುರುತು, ಇವನ್ನು ಅರ್ಜಿ ಮುಚ್ಚಿದ ಮೇಲೆ ಬದಲಿಸಿಕೊಡಿ ಎಂದು ಮಿಂಚಂಚೆ ಬರೆದರೆ ಕೆಲಸ ಆಗುವುದಿಲ್ಲ ಎಂದೇ ತಿಳಿಯಿರಿ.

120 ಪ್ರಶ್ನೆ, 120 ನಿಮಿಷ

ಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ. 2024ರ ಕ್ಲ್ಯಾಟ್‌ನಿಂದ 150 ಪ್ರಶ್ನೆ ಇದ್ದದ್ದು 120ಕ್ಕೆ ಇಳಿಯಿತು. ಸರಿಗೆ 1, ತಪ್ಪಿಗೆ ಕಾಲು ಅಂಕ ಕಡಿತ. ಇಂಗ್ಲಿಷ್ 22ರಿಂದ 26 ಪ್ರಶ್ನೆ, ಪ್ರಚಲಿತ ವಿದ್ಯಮಾನ 28ರಿಂದ 32, ಲೀಗಲ್ ರೀಸನಿಂಗ್ 28ರಿಂದ 32, ಲಾಜಿಕಲ್ ರೀಸನಿಂಗ್ 22ರಿಂದ 26, ಗಣಿತ 10ರಿಂದ 14. ಎಲ್ಲವೂ ಗದ್ಯಭಾಗ ಕೊಟ್ಟು ಕೇಳುವಂಥವು, ಒಂದೊಂದು ಗದ್ಯ ಸುಮಾರು 450 ಪದದವರೆಗೆ. ಒಟ್ಟು ಓದಬೇಕಾದದ್ದು ಹತ್ತು ಸಾವಿರ ಪದದ ಆಸುಪಾಸು. ನಿಮಿಷಕ್ಕೆ 200 ಪದ ಓದುವವರಿಗೆ ಓದಲಿಕ್ಕೇ 50 ನಿಮಿಷ ಹೋಯಿತು. 120 ಪದ ಓದುವವರಿಗೆ 80 ನಿಮಿಷಕ್ಕೂ ಹೆಚ್ಚು, ಉಳಿದ ಮುಕ್ಕಾಲು ಗಂಟೆಗಿಂತ ಕಡಿಮೆ ಸಮಯದಲ್ಲಿ 120 ಉತ್ತರ.

ಕನ್ನಡ ಮಾಧ್ಯಮದಿಂದ ಬಂದವರು ಸೋಲುವುದು ಇಲ್ಲಿ, ಬುದ್ಧಿಯಲ್ಲಿ ಅಲ್ಲ. ಹಾಗಾಗಿ ಮೊದಲ ಮೂರು ತಿಂಗಳು ಕಾನೂನು ಪುಸ್ತಕ, ಜಿಕೆ ಪುಸ್ತಕ ಮುಟ್ಟುವುದಕ್ಕಿಂತ ಗಡಿಯಾರ ಇಟ್ಟುಕೊಂಡು ಓದುವುದು ಲಾಭ. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟದ ಒಂದು ಲೇಖನದಿಂದ 450 ಪದ ಗುರುತಿಸಿ. ಶುರುವಿನಲ್ಲಿ ನಾಲ್ಕು ನಿಮಿಷ ಹಿಡಿದರೆ ಹಿಡಿಯಲಿ. ಓದಿ ಮುಗಿಸಿ ಪತ್ರಿಕೆ ಮಡಚಿ, ಬರೆದವರ ವಾದ ಏನು ಎಂದು ಕನ್ನಡದಲ್ಲೇ ಎರಡು ವಾಕ್ಯ ಬರೆಯಿರಿ. ಆಗದಿದ್ದರೆ ಓದಿಲ್ಲ ಎಂದರ್ಥ, ಕಣ್ಣು ಹಾಯಿಸಿದ್ದಷ್ಟೇ. ದಿನಕ್ಕೆ ನಾಲ್ಕು ಗದ್ಯ. ಎರಡೂವರೆ ನಿಮಿಷಕ್ಕೆ ಇಳಿದ ಮೇಲೆ ಪ್ರಶ್ನೆಪತ್ರಿಕೆಗೆ ಬನ್ನಿ. ತುಟಿ ಅಲುಗಿಸಿ ಓದುವ ಅಭ್ಯಾಸ ಇದ್ದರೆ ಮೊದಲು ಅದನ್ನು ಬಿಡಿಸಿ.

ಲೀಗಲ್ ರೀಸನಿಂಗ್‌ಗೆ ಕಾನೂನು ಗೊತ್ತಿರಬೇಕಿಲ್ಲ. ನಿಯಮವನ್ನು ಗದ್ಯದಲ್ಲೇ ಕೊಟ್ಟಿರುತ್ತಾರೆ. ಮಾದರಿಗೆ ಒಂದನ್ನು ಕಟ್ಟಿ ನೋಡೋಣ. ನಿಯಮ: ‘ಸಾಕಿದ ಪ್ರಾಣಿಯಿಂದ ಹಾನಿಯಾದರೆ, ಅದಕ್ಕೆ ಹಾಗೆ ಮಾಡುವ ಸ್ವಭಾವ ಇದೆ ಎಂದು ಒಡೆಯನಿಗೆ ಗೊತ್ತಿದ್ದರೆ ಮಾತ್ರ ಅವನು ಹೊಣೆ.’ ಪ್ರಸಂಗ: ಒಬ್ಬ ರೈತ ತನ್ನ ಎತ್ತನ್ನು ಸಂತೆಗೆ ತರುವಾಗಲೆಲ್ಲ ಎರಡು ಹಗ್ಗ ಹಾಕಿ ಇಬ್ಬರು ಹಿಡಿದುಕೊಂಡು ಬರುತ್ತಿದ್ದರು, ಎದುರಿಗೆ ಬಂದವರಿಗೆ ‘ದೂರ ಸರೀರಿ, ಹಾಯುತ್ತೆ’ ಎನ್ನುತ್ತಿದ್ದ. ಎತ್ತು ಅಲ್ಲಿಯವರೆಗೆ ಯಾರನ್ನೂ ಹಾಯ್ದಿರಲಿಲ್ಲ. ಒಂದು ದಿನ ಒಬ್ಬನೇ ಒಂದು ಹಗ್ಗದಲ್ಲಿ ತಂದ, ಪಟಾಕಿ ಸದ್ದಿಗೆ ಬೆದರಿ ಎತ್ತು ಒಬ್ಬನನ್ನು ಹಾಯಿತು. ಆಯ್ಕೆಗಳು: ಒಡೆಯನಾದ ಕಾರಣ ಹೊಣೆ; ಪಟಾಕಿ ಹೊಡೆದವನದು ತಪ್ಪು, ಹೊಣೆಯಲ್ಲ; ಸ್ವಭಾವ ಗೊತ್ತಿತ್ತು, ಹೊಣೆ; ಹಿಂದೆ ಎಂದೂ ಹಾಯ್ದಿಲ್ಲ, ಹೊಣೆಯಲ್ಲ.

ಹೆಚ್ಚು ಜನ ಬೀಳುವುದು ನಾಲ್ಕನೆಯದಕ್ಕೆ. ಹಿಂದೆ ಹಾಯ್ದಿಲ್ಲ ಎಂಬುದನ್ನು ‘ಗೊತ್ತಿರಲಿಲ್ಲ’ ಎಂದು ಓದಿಕೊಂಡುಬಿಡುತ್ತಾರೆ. ನಿಯಮ ಕೇಳುತ್ತಿರುವುದು ಹಿಂದಿನ ಹಾನಿಯನ್ನಲ್ಲ, ಒಡೆಯನ ಅರಿವನ್ನು. ಎರಡು ಹಗ್ಗ, ‘ಹಾಯುತ್ತೆ’ ಎಂಬ ಮಾತು, ಎರಡೂ ಆ ಅರಿವಿಗೆ ಸಾಕ್ಷಿ. ಉತ್ತರ ಮೂರನೆಯದು. ಮೊದಲನೆಯದರಲ್ಲೂ ‘ಹೊಣೆ’ ಎಂದೇ ಇದೆ, ಆದರೆ ಕಾರಣ ನಿಯಮದ್ದಲ್ಲ. ತೀರ್ಪು ಸರಿ, ಕಾರಣ ತಪ್ಪು ಇರುವ ಇಂಥ ಆಯ್ಕೆಯನ್ನು ಪ್ರಶ್ನೆ ಮಾಡುವವರು ಬೇಕೆಂದೇ ಇಡುತ್ತಾರೆ. ಪಾಪ ಪುಣ್ಯ ನೋಡಿ ಉತ್ತರ ಹೇಳಬೇಡಿ. ನಿಯಮದ ಯಾವ ಪದಕ್ಕೆ ಪ್ರಸಂಗದ ಯಾವ ಸಂಗತಿ ಕೂರುತ್ತದೆ ಎಂದು ಬೆರಳಿಟ್ಟು ನೋಡಿ. ಸಮ ಅಂಕ ಬಂದಾಗ ಗೆಲ್ಲಿಸುವುದೂ ಇದೇ ಭಾಗ.

ಕಾಲು ಅಂಕದ ಕಡಿತಕ್ಕೆ ಹೆದರಿ ಅರ್ಧ ಪತ್ರಿಕೆ ಖಾಲಿ ಬಿಡುವವರಿದ್ದಾರೆ, ಎಲ್ಲ ತುಂಬಿ ಕೆಡಿಸಿಕೊಳ್ಳುವವರೂ ಇದ್ದಾರೆ. ಒಬ್ಬ 85 ಪ್ರಶ್ನೆಗೆ ಉತ್ತರಿಸಿ 72 ಸರಿ, 13 ತಪ್ಪು ಮಾಡಿದ: 72ರಲ್ಲಿ 3.25 ಕಳೆದು 68.75. ಇನ್ನೊಬ್ಬ 100ಕ್ಕೆ ಉತ್ತರಿಸಿ 75 ಸರಿ, 25 ತಪ್ಪು: 75ರಲ್ಲಿ 6.25 ಕಳೆದು ಅದೇ 68.75. ಎರಡನೆಯವನು ಹೆಚ್ಚಾಗಿ ಮಾಡಿದ 15 ಪ್ರಶ್ನೆಯಿಂದ ಬಂದದ್ದು ಸೊನ್ನೆ, ಅದಕ್ಕೆ ಹೋದ ಸಮಯ ಮಾತ್ರ ದಂಡ. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಒಂದಕ್ಕೆ ಗುರುತು ಹಾಕಿದರೆ ಸರಾಸರಿ ಸಿಗುವುದು 0.06 ಅಂಕ, ಅಂದರೆ ಏನೂ ಇಲ್ಲ. ಎರಡು ಆಯ್ಕೆ ತಪ್ಪೆಂದು ಖಚಿತವಾಗಿ, ಉಳಿದೆರಡರಲ್ಲಿ ಒಂದನ್ನು ಆರಿಸಿದರೆ 0.375. ಎರಡನ್ನು ಹೊಡೆದುಹಾಕಲು ಆದರೆ ಗುರುತು ಹಾಕಿ, ಇಲ್ಲದಿದ್ದರೆ ಮುಂದೆ ಹೋಗಿ.

ಗಣಿತವನ್ನು ಕಲಾ ವಿಭಾಗದ ಮಕ್ಕಳು ಪೂರ್ತಿ ಬಿಟ್ಟುಬಿಡುತ್ತಾರೆ. ಅದು ಎಸ್‌ಎಸ್‌ಎಲ್‌ಸಿ ಮಟ್ಟದ ಶೇಕಡಾವಾರು, ಅನುಪಾತ, ಸರಾಸರಿ, ಕೋಷ್ಟಕ ಓದುವುದು. ದಿನಕ್ಕೆ ಅರ್ಧ ಗಂಟೆಯಂತೆ ಎರಡು ತಿಂಗಳು ಕೂತರೆ ಇಡೀ ಪತ್ರಿಕೆಯಲ್ಲಿ ಇದಕ್ಕಿಂತ ಅಗ್ಗದ ಹತ್ತು ಅಂಕ ಬೇರೆ ಇಲ್ಲ. ಪ್ರಚಲಿತಕ್ಕೆ ಕನ್ನಡ ಪತ್ರಿಕೆಯೇ ಮೊದಲ ಓದು ಆಗಲಿ, ಬೇಗ ಅರ್ಥವಾಗುತ್ತದೆ. ಟಿಪ್ಪಣಿಯಲ್ಲಿ ಹೆಸರು, ಸಂಸ್ಥೆ, ಕಾಯ್ದೆಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆದುಕೊಳ್ಳಿ.

ಪರೀಕ್ಷೆ ಕಾಗದದ ಮೇಲೆ, ಓಎಂಆರ್ ಹಾಳೆಯಲ್ಲಿ, ಮಧ್ಯಾಹ್ನ 2ರಿಂದ 4. ಒಂದು ವೃತ್ತ ತುಂಬಲು ನಾಲ್ಕು ಸೆಕೆಂಡ್ ಎಂದರೂ 100 ವೃತ್ತಕ್ಕೆ ಏಳು ನಿಮಿಷ ಬೇಕು. ಕೊನೆಗೆ ಒಟ್ಟಿಗೆ ತುಂಬುತ್ತೇನೆ ಎಂದು ಕೂತವರು ನಡುವೆ ಒಂದು ಪ್ರಶ್ನೆ ಬಿಟ್ಟದ್ದನ್ನು ಮರೆತು ಇಡೀ ಸಾಲನ್ನು ಒಂದೊಂದು ಮನೆ ಜಾರಿಸಿಬಿಡುತ್ತಾರೆ. ಒಂದು ಗದ್ಯ ಮುಗಿದ ತಕ್ಷಣ ಅದರ ವೃತ್ತಗಳನ್ನು ತುಂಬಿ ಮುಂದಿನದಕ್ಕೆ ಹೋಗಿ. ಅಣಕು ಪರೀಕ್ಷೆಗಳನ್ನೂ ಊಟವಾದ ಮೇಲೆ ಅದೇ 2 ಗಂಟೆಗೆ, ಮುದ್ರಿಸಿದ ಓಎಂಆರ್ ಹಾಳೆಯಲ್ಲೇ ಬರೆಯಿರಿ. ಹಿಂದಿನ ವರ್ಷಗಳ ಪತ್ರಿಕೆಗಳು ಕ್ಲ್ಯಾಟ್ ನಡೆಸುವ ಎನ್‌ಎಲ್‌ಯುಗಳ ಒಕ್ಕೂಟದ ಜಾಲತಾಣದಲ್ಲಿ ಉಚಿತ. ಕೋಚಿಂಗ್‌ಗೆ ದುಡ್ಡಿಲ್ಲದವರಿಗೆ ಶಮ್ನಾದ್ ಬಷೀರ್ 2010ರಲ್ಲಿ ಹುಟ್ಟುಹಾಕಿದ ಇಡಿಯಾ ಎಂಬ ಸಂಸ್ಥೆ ಇದೆ; ಬಡ ಮತ್ತು ಹಿಂದುಳಿದ ಕುಟುಂಬದ ಮಕ್ಕಳನ್ನು ಆರಿಸಿ ಕ್ಲ್ಯಾಟ್‌ಗೆ ತರಬೇತಿ ಕೊಡುತ್ತದೆ.

ರ‍್ಯಾಂಕ್ ಬಂದ ಮೇಲೆ

ಫಲಿತಾಂಶದಲ್ಲಿ ಅಖಿಲ ಭಾರತ ರ‍್ಯಾಂಕ್ ಜತೆ ಕೆಟಗರಿ ರ‍್ಯಾಂಕ್ ಇರುತ್ತದೆ. ಮೊದಲನೆಯದು ಸಾವಿರಗಳಲ್ಲಿದೆ ಎಂದು ಕುಸಿಯಬೇಡಿ, ಎರಡನೆಯದನ್ನು ನೋಡಿ. ರ‍್ಯಾಂಕ್ ಬಂದರೆ ಸೀಟಿನ ಪತ್ರ ಮನೆಗೆ ಬರುತ್ತದೆ ಎಂದು ಕಾಯುವವರಿದ್ದಾರೆ. ಕೌನ್ಸೆಲಿಂಗ್‌ಗೆ ಬೇರೆಯಾಗಿ ನೋಂದಾಯಿಸಿ ಶುಲ್ಕ ಕಟ್ಟಬೇಕು. ಇತ್ತೀಚೆಗೆ ಸಾಮಾನ್ಯ ವರ್ಗಕ್ಕೆ 30,000, ಮೀಸಲು ವರ್ಗಗಳಿಗೆ 20,000 ರೂಪಾಯಿ. ಕಿಟಕಿ ತೆರೆದಿರುವುದು ಕೆಲವೇ ದಿನ. ಆ ಹಣವನ್ನು ನವೆಂಬರಿನಲ್ಲೇ ಎತ್ತಿಡಿ, ಫಲಿತಾಂಶದ ಮರುದಿನ ಸಾಲ ಹುಡುಕಲು ಹೊರಟರೆ ಸಮಯ ಸಾಲದು.

ಆದ್ಯತಾ ಪಟ್ಟಿ ತುಂಬುವಾಗ ಇನ್ನೊಂದು ವಿಷಯ ನೆನಪಿರಲಿ. ಮೀಸಲಾತಿ ನಿಯಮ ಎಲ್ಲ ಎನ್‌ಎಲ್‌ಯುಗಳಲ್ಲೂ ಒಂದೇ ಅಲ್ಲ. ಪ್ರತಿಯೊಂದೂ ಆಯಾ ರಾಜ್ಯದ ಕಾಯ್ದೆಯಿಂದ ಹುಟ್ಟಿದ್ದು. ಎಸ್‌ಸಿ, ಎಸ್‌ಟಿ ಸೀಟುಗಳು ಬಹಳ ಕಡೆ ದೇಶದ ಎಲ್ಲರಿಗೂ ತೆರೆದಿರುತ್ತವೆ. ಒಬಿಸಿ ಮಾತ್ರ ಹಲವೆಡೆ ಆ ರಾಜ್ಯದವರಿಗೇ ಮೀಸಲು. ಬೆಂಗಳೂರಿನಲ್ಲಿ ಒಬಿಸಿಯಾದ ನೀವು ಹೈದರಾಬಾದಿನ ನಲ್ಸಾರ್ ಲೆಕ್ಕದಲ್ಲಿ ಸಾಮಾನ್ಯ ವರ್ಗ. ಪಟ್ಟಿಯನ್ನು ಹೆಸರಿನ ಪ್ರತಿಷ್ಠೆಯಂತೆ ಬರೆದುಕೊಂಡು, ಪಕ್ಕದಲ್ಲಿ ‘ಇಲ್ಲಿ ನಾನು ಯಾವ ವರ್ಗ’ ಎಂದು ಪೆನ್ಸಿಲಿನಲ್ಲಿ ಗುರುತಿಸಿ. ನಾಲ್ಕೈದು ಹೆಸರಿಗೆ ನಿಲ್ಲಿಸಬೇಡಿ, ಹೋಗಲು ಒಪ್ಪುವ ಎಲ್ಲವನ್ನೂ ತುಂಬಿ. ಕೆಳಗಿನ ಹೆಸರು ಬರೆದ ಮಾತ್ರಕ್ಕೆ ಮೇಲಿನದು ತಪ್ಪುವುದಿಲ್ಲ.

ಸೀಟು ಹಂಚಿಕೆಯಾದಾಗ ಮೂರು ಗುಂಡಿ ಬರುತ್ತವೆ. ‘ಫ್ರೀಜ್’ ಎಂದರೆ ಇದೇ ಸಾಕು, ಮುಂದಿನ ಸುತ್ತು ಬೇಡ. ‘ಫ್ಲೋಟ್’ ಎಂದರೆ ಇದನ್ನು ಹಿಡಿದಿರುತ್ತೇನೆ, ಪಟ್ಟಿಯಲ್ಲಿ ಮೇಲಿನದು ಖಾಲಿಯಾದರೆ ಕೊಡಿ. ‘ಎಕ್ಸಿಟ್’ ಎಂದರೆ ಪ್ರಕ್ರಿಯೆಯಿಂದಲೇ ಹೊರಕ್ಕೆ. ಮೊದಲ ಸುತ್ತಿನಲ್ಲಿ ಬೇಡದ ಊರು ಸಿಕ್ಕಿತೆಂದು ಎಕ್ಸಿಟ್ ಒತ್ತಿ, ಎರಡನೇ ಸುತ್ತಿಗೆ ಕಾಯುತ್ತ ಕೂತವರಿಗೆ ಕರೆ ಬರುವುದಿಲ್ಲ. ಮೇಲಿನದಕ್ಕೆ ಆಸೆ ಇದ್ದರೆ ಫ್ಲೋಟ್ ಒತ್ತಿ, ದೃಢೀಕರಣ ಶುಲ್ಕವನ್ನು ಗಡುವಿನೊಳಗೆ ಕಟ್ಟಿ. ಆದರೆ ಮೇಲಿನ ಸೀಟು ಬಂದ ಕ್ಷಣ ಹಳೆಯದು ತಾನಾಗಿ ಹೋಗುತ್ತದೆ, ಹಿಂದಕ್ಕೆ ಕೇಳುವಂತಿಲ್ಲ. ಅದಕ್ಕೇ ಪಟ್ಟಿಯ ಕ್ರಮ ಮನಸ್ಸಿನ ಕ್ರಮವೇ ಆಗಿರಬೇಕು.

ಖರ್ಚು ಲಕ್ಷಗಳ ಲೆಕ್ಕದ್ದು. ಎಸ್‌ಸಿ ವಿದ್ಯಾರ್ಥಿಗಳಿಗೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಟಾಪ್ ಕ್ಲಾಸ್ ವಿದ್ಯಾರ್ಥಿವೇತನ ಇದೆ, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗೆ ಇರಬೇಕು. ಎಸ್‌ಟಿಯವರಿಗೆ ಬುಡಕಟ್ಟು ಸಚಿವಾಲಯದ ಇಂಥದೇ ಯೋಜನೆಗೆ ಮಿತಿ 6 ಲಕ್ಷ. ಒಂದೊಂದು ಸಂಸ್ಥೆಗೆ ಇಷ್ಟೇ ಎಂದು ಸಂಖ್ಯೆ ನಿಗದಿ ಇರುವುದರಿಂದ ದಾಖಲಾದ ವಾರದಲ್ಲೇ ಅರ್ಜಿ ಹಾಕಿ. ರಾಜ್ಯದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್.

ಶೇ 40 ಅಥವಾ 45ರ ಗೆರೆಯನ್ನೇ ದಾಟಲು ಆಗದವರಿಗೆ, ಈ ಸಲ ರ‍್ಯಾಂಕ್ ಬಾರದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳಿಗೆ ಕ್ಲ್ಯಾಟ್ ಬೇಡ. ಬಾರ್ ಕೌನ್ಸಿಲಿನ ಶೇ 45, 42, 40ರ ಗೆರೆ ಇರುವುದು ಅಲ್ಲಿ, ಅಂದರೆ ಶೇ 45 ಮುಟ್ಟದಿದ್ದರೂ 42 ದಾಟಿದ ಒಬಿಸಿಯವರಿಗೆ ಅಲ್ಲಿ ದಾರಿ ಇದೆ. ಇನ್ನು ಯಾವುದಾದರೂ ಪದವಿಯನ್ನು ಶೇ 45ರೊಂದಿಗೆ, ಎಸ್‌ಸಿ ಎಸ್‌ಟಿಯಾದರೆ ಶೇ 40ರೊಂದಿಗೆ ಮುಗಿಸಿದವರು ನಾಗರಬಾವಿಯಲ್ಲೇ 2022ರಲ್ಲಿ ಶುರುವಾದ ಮೂರು ವರ್ಷದ ಎಲ್‌ಎಲ್‌ಬಿಗೆ ಅರ್ಜಿ ಹಾಕಬಹುದು. ಅದಕ್ಕೆ ಎನ್‌ಎಲ್‌ಸ್ಯಾಟ್ ಎಂಬ ಬೇರೆ ಪರೀಕ್ಷೆ: ಎರಡೂವರೆ ಗಂಟೆ, 75 ಅಂಕಕ್ಕೆ ಆಯ್ಕೆ ಪ್ರಶ್ನೆ, 75 ಅಂಕಕ್ಕೆ ಬರೆದು ಉತ್ತರಿಸುವುದು. ಅರ್ಧ ಪತ್ರಿಕೆ ಬರವಣಿಗೆಯಾದ್ದರಿಂದ ವೃತ್ತ ತುಂಬುವ ತಯಾರಿ ಇಲ್ಲಿ ಸಾಲದು. ಪ್ರಮಾಣಪತ್ರಗಳಿಗೆ ಮಾತ್ರ ಅದೇ ನಾಡಕಚೇರಿ, ಅದೇ ಏಪ್ರಿಲ್ ಮೊದಲ ವಾರ.